48 ತಾಣ, 10 ನಿಮಿಷ: ಹಾಸನ ನಗರದಲ್ಲಿ ಹಕ್ಕಿ ಎಣಿಸಿದ ಅನುಭವ

ಕಟ್ಟಿನಕೆರೆ ಮಾರುಕಟ್ಟೆಯ ಒಂದು ಮೂಲೆಯಲ್ಲಿ, ತರಕಾರಿ ಮೂಟೆಗಳನ್ನು ಇಳಿಸುವ ಗಾಡಿಗಳು ಬಂದು ನಿಲ್ಲುವ ಕಡೆ, ಜನವರಿಯ ಒಂದು ಬೆಳಿಗ್ಗೆ ಮಂಜು ಇನ್ನೂ ಪೂರ್ತಿ ಕರಗದ ಹೊತ್ತಿನಲ್ಲಿ ನಿಂತು ನಾನು 10 ನಿಮಿಷ ಹಕ್ಕಿ ಎಣಿಸಿದೆ. ಊರುಕಾಗೆ 9, ಪಾರಿವಾಳ 16, ಗೊರವಂಕ 4, ಕರಿಹದ್ದು 2. ಅಷ್ಟೇ. ಜೊತೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ‘ಸರ್, ಇಷ್ಟಕ್ಕೆ ಇಲ್ಲಿವರೆಗೂ ಬರಬೇಕಿತ್ತಾ? ಹುಣಸಿನಕೆರೆಗೆ ಹೋಗಿದ್ರೆ ಇಷ್ಟೊತ್ತಿಗೆ ಮೂವತ್ತು ಜಾತಿ ಆಗಿರೋದು’ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹಿಂದಿನ ವರ್ಷದವರೆಗೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಆ ಯೋಚನೆ ಹೇಗೆ ಬದಲಾಯಿತು, ನಗರದ ಹಕ್ಕಿಗಳನ್ನು ಅಧ್ಯಯನದ ಶಿಸ್ತಿನಿಂದ ಎಣಿಸಲು ಹೊರಟರೆ ಏನೇನು ಮಾಡಬೇಕಾಗುತ್ತದೆ ಎಂಬುದನ್ನು, ನಾನು ಮಾಡಿದ ತಪ್ಪುಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಕಲಿಸುವವನು. ಹಕ್ಕಿ ನೋಡುವ ಅಭ್ಯಾಸ ಇಪ್ಪತ್ತು ವರ್ಷಗಳದು. ಆದರೆ ಈ ಇಪ್ಪತ್ತು ವರ್ಷವೂ ದುರ್ಬೀನು ಕೊರಳಿಗೆ ಬೀಳುತ್ತಿದ್ದದ್ದು ಬಿಸಿಲೆಗೋ, ಸಕಲೇಶಪುರದ ಕಾಫಿ ತೋಟಗಳಿಗೋ, ಗೊರೂರಿನ ಹಿನ್ನೀರಿಗೋ ಹೊರಟಾಗ ಮಾತ್ರ. ದಿನವೂ ಓಡಾಡುವ ಬಿ.ಎಂ. ರಸ್ತೆಯಲ್ಲಿ ಯಾವ ಹಕ್ಕಿ ಎಷ್ಟಿದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಬೆಂಗಳೂರಿನಲ್ಲಿ ಎರಡು ದಿನ ನಡೆದ ಒಂದು ತರಬೇತಿಗೆ ಹೋದಾಗ ಈ ಕೊರತೆ ನನ್ನನ್ನು ಚುಚ್ಚಿತು. ಅಲ್ಲಿ ಮೊದಲು ತೋರಿಸಿದ್ದು ಕಾಡಿನ ಚಿತ್ರಗಳನ್ನಲ್ಲ, ಕೆರೆಗಳ ಎಣಿಕೆಯ ಪಟ್ಟಿಗಳನ್ನು. ಬೆಂಗಳೂರಿನ ಹಕ್ಕಿವೀಕ್ಷಕರ ಸಂಘ 1972ರಷ್ಟು ಹಿಂದೆಯೇ ಹುಟ್ಟಿಕೊಂಡಿತ್ತು. 1987ರಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾದಾಗ ಅಲ್ಲಿನ ಹವ್ಯಾಸಿಗಳು ಜನವರಿ ತಿಂಗಳಲ್ಲಿ ನಗರದ ಸುತ್ತಲಿನ ಕೆರೆಗಳನ್ನು ಹಂಚಿಕೊಂಡು ಎಣಿಸತೊಡಗಿದ್ದರು. ಅಂದಿನ ಅನೇಕ ಕೆರೆಗಳ ಸುತ್ತ ಇಂದು ಬಡಾವಣೆಗಳಿವೆ. ಅಲ್ಲಿ ಏನಿತ್ತು ಎಂದು ಇಂದು ಹೇಳಬಲ್ಲವರು ಇರುವುದು, ಅಂದು ಯಾರೋ ಬೆಳಗಿನ ಚಳಿಯಲ್ಲಿ ನಿಂತು ನಾಮದಕೋಳಿಗಳನ್ನೂ ಗುಳುಮುಳಕಗಳನ್ನೂ ಒಂದೊಂದಾಗಿ ಎಣಿಸಿಟ್ಟದ್ದರಿಂದ. ಮೈಸೂರಿನವರು 2014ರಿಂದ 2016ರವರೆಗೆ ತಮ್ಮ ನಗರಕ್ಕೇ ಒಂದು ಹಕ್ಕಿ ನಕಾಶೆ ಮಾಡಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಒಣ ಋತುವಿನಲ್ಲೊಮ್ಮೆ ಮಳೆ ಋತುವಿನಲ್ಲೊಮ್ಮೆ ನಡೆದು, ಸುಮಾರು 3 ಲಕ್ಷ ದಾಖಲೆಗಳನ್ನು ಕೂಡಿಹಾಕಿದರು. ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಹಾಸನ ಇನ್ನೂ ಬೆಂಗಳೂರಾಗಿಲ್ಲ, ಎಣಿಸುವುದಾದರೆ ಈಗಲೇ ಎಣಿಸಬೇಕು.

ಹಾಸನಕ್ಕೆ ತನ್ನದೇ ಆದ ಒಂದು ಪ್ರಶ್ನೆಯೂ ಇತ್ತು. ನಮ್ಮ ಊರು ಮಲೆನಾಡು ಮತ್ತು ಬಯಲುಸೀಮೆಯ ನಡುವೆ ಕುಳಿತಿದೆ. ಪಡುವಣಕ್ಕೆ ಸಕಲೇಶಪುರದ ಮಳೆ, ಬಡಗಣಕ್ಕೆ ಅರಸೀಕೆರೆಯ ಒಣನೆಲ. ಹಾಗಾದರೆ ಊರಿನ ಒಂದು ಬದಿಗೆ ತೇವದ ಸೀಮೆಯ ಹಕ್ಕಿಗಳೂ ಇನ್ನೊಂದು ಬದಿಗೆ ಒಣಸೀಮೆಯ ಹಕ್ಕಿಗಳೂ ಹೆಚ್ಚಿರುತ್ತವೆಯೇ? ಇದಕ್ಕೆ ತೇವದ ಬದಿಗೆ ಕೆಮ್ಮೀಸೆ ಪಿಕಳಾರ, ಒಣ ಬದಿಗೆ ಕೆಂಪು ಕಿಬ್ಬೊಟ್ಟೆಯ ಪಿಕಳಾರ ಎಂದು ಎರಡು ಹಕ್ಕಿಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಕೆಲಸಕ್ಕೆ ಇಳಿದೆ.

ಇಳಿದ ಮೊದಲ ಹೆಜ್ಜೆಯೇ ತಪ್ಪಾಯಿತು. ಮೇ ತಿಂಗಳಲ್ಲಿ ನಾನು ಆರಿಸಿಕೊಂಡ ತಾಣಗಳೆಂದರೆ ಮಹಾರಾಜ ಪಾರ್ಕು, ಹುಣಸಿನಕೆರೆಯ ಏರಿ, ಸತ್ಯಮಂಗಲದ ಕೆರೆ, ಗೆಂಡೆಕಟ್ಟೆಯ ಅರಣ್ಯಧಾಮದ ಅಂಚು, ದೊಡ್ಡ ಮರಗಳಿರುವ ಒಂದೆರಡು ಕಚೇರಿ ಆವರಣಗಳು. ಆರು ವಾರ ಹೀಗೆ ಎಣಿಸಿ, ಉದ್ದನೆಯ ಪಟ್ಟಿಗಳನ್ನು ತರಬೇತಿಯಲ್ಲಿ ಪರಿಚಯವಾಗಿದ್ದ ಒಬ್ಬ ಸಂಶೋಧಕರಿಗೆ ಕಳುಹಿಸಿದೆ. ಅವರು ಫೋನು ಮಾಡಿ, ‘ಮೇಷ್ಟ್ರೇ, ಇದು ಹಾಸನದಲ್ಲಿ ಹಕ್ಕಿ ಚೆನ್ನಾಗಿ ಕಾಣಿಸೋ ಜಾಗಗಳ ಪಟ್ಟಿ. ಹಾಸನದ ಹಕ್ಕಿಗಳ ಪಟ್ಟಿ ಅಲ್ಲ’ ಎಂದರು. ಮೊದಲು ಬೇಸರವಾಯಿತು. ಎರಡು ದಿನ ಕಳೆದ ಮೇಲೆ ಆ ಮಾತಿನ ತೂಕ ತಿಳಿಯಿತು. ನಗರದ ಬಹುಪಾಲು ನೆಲ ಪಾರ್ಕೂ ಅಲ್ಲ, ಕೆರೆಯೂ ಅಲ್ಲ. ಮನೆಗಳು, ಅಂಗಡಿಗಳು, ಗ್ಯಾರೇಜುಗಳು, ಖಾಲಿ ಸೈಟುಗಳು. ಅವುಗಳನ್ನು ಬಿಟ್ಟು ಎಣಿಸಿದರೆ ನಗರವನ್ನೇ ಬಿಟ್ಟಂತೆ. ಆರು ವಾರದ ಪಟ್ಟಿಗಳನ್ನು ಬೇರೆ ಕಡತಕ್ಕೆ ಸೇರಿಸಿ ಹೊಸದಾಗಿ ಆರಂಭಿಸಿದೆ.

ಈ ಸಲ ನಕ್ಷೆಯ ಮೇಲೆ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ 24 ಚೌಕಗಳನ್ನು ಎಳೆದೆವು. ಪ್ರತಿ ಚೌಕದೊಳಗೆ ಎರಡು ತಾಣ. ಆದರೆ ಎಲ್ಲಿ ಎಂಬುದನ್ನು ನಮ್ಮ ಕಣ್ಣು ತೀರ್ಮಾನಿಸಕೂಡದೆಂದು ಸಂಖ್ಯೆಗಳ ಚೀಟಿ ಎತ್ತಿ, ಬಿದ್ದ ಕಡೆಗೆ ಗುರುತು ಹಾಕಿದೆವು. ಹಾಗೆ ಬಿದ್ದ ತಾಣಗಳಲ್ಲಿ ಒಂದು ಕಟ್ಟಿನಕೆರೆ ಮಾರುಕಟ್ಟೆ. ಇನ್ನೊಂದು ಪೆನ್ಷನ್ ಮೊಹಲ್ಲಾದ ಇಕ್ಕಟ್ಟಾದ ಗಲ್ಲಿ. ಮತ್ತೊಂದು ಎಪಿಎಂಸಿ ಪ್ರಾಂಗಣದಲ್ಲಿ ಆಲೂಗಡ್ಡೆ ಹರಾಜು ನಡೆಯುವ ಕಟ್ಟೆಯ ಪಕ್ಕ. ಒಂದು ತಾಣ ಒಂದು ಕಚೇರಿಯ ಕಾಂಪೌಂಡಿನ ಒಳಗೇ ಬಿತ್ತು. ಹಕ್ಕಿಗಳನ್ನು ಬಲೆಯಿಂದ ಹಿಡಿದು ಕಾಲಿಗೆ ಉಂಗುರ ಹಾಕುವ ಅಧ್ಯಯನವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ನಿಂತು ನೋಡಿ ಬರೆದುಕೊಳ್ಳುವುದಕ್ಕೆ ಅದು ಬೇಡ. ಆದರೂ ಆ ಕಾಂಪೌಂಡಿನೊಳಗೆ ಹತ್ತು ನಿಮಿಷ ನಿಲ್ಲಲು ಮೂರು ಸಲ ಅರ್ಜಿ ಕೊಟ್ಟು, ಉತ್ತರ ಬಾರದೆ, ಕೊನೆಗೆ ತಾಣವನ್ನು ಎದುರಿನ ರಸ್ತೆಗೆ ಸರಿಸಿ, ಸರಿಸಿದ ಸಂಗತಿಯನ್ನೂ ಕಾರಣವನ್ನೂ ದಾಖಲೆಯಲ್ಲಿ ಬರೆದೆವು. ಹೀಗೆ ಬರೆದಿಡದಿದ್ದರೆ ಐದು ವರ್ಷದ ನಂತರ ಬರುವವರು ಬೇರೆ ಜಾಗದಲ್ಲಿ ನಿಂತು ಎಣಿಸಿಬಿಡುತ್ತಾರೆ.

ಎಣಿಕೆಯ ಕ್ರಮ ಸರಳವಾದದ್ದು, ಆದರೆ ಅದನ್ನು ಮುರಿಯದೆ ನಡೆಸುವುದು ಕಷ್ಟ. ತಾಣ ತಲುಪಿದ ಕೂಡಲೇ ಎಣಿಸಬಾರದು. ನಮ್ಮ ಬರವಿನಿಂದ ಬೆದರಿದ ಹಕ್ಕಿಗಳು ಮತ್ತೆ ತಮ್ಮ ಪಾಡಿಗೆ ಮರಳಲೆಂದು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ಆಮೇಲೆ 10 ನಿಮಿಷ, ಸುತ್ತ 50 ಮೀಟರ್ ಒಳಗೆ ಕಂಡದ್ದು ಮತ್ತು ಕೇಳಿಸಿದ್ದು. ಮೇಲೆ ಹಾರಿ ಹೋದ ಬೆಳ್ಳಕ್ಕಿಗಳನ್ನು ಬೇರೆ ಅಂಕಣದಲ್ಲಿ ಬರೆಯಬೇಕು, ಏಕೆಂದರೆ ಅವು ಆ ತಾಣವನ್ನು ಬಳಸುತ್ತಿಲ್ಲ. ಎಲ್ಲವೂ ಸೂರ್ಯೋದಯದಿಂದ ಮೂರು ಗಂಟೆಯೊಳಗೆ ಮುಗಿಯಬೇಕು. 11ನೇ ನಿಮಿಷದಲ್ಲಿ ಎಷ್ಟು ಚೆಂದದ ಹಕ್ಕಿ ಬಂದು ಎದುರಿಗೆ ಕುಳಿತರೂ ಅದು ಲೆಕ್ಕಕ್ಕಿಲ್ಲ. ಹೇಮಾವತಿ ನಗರದ ಒಂದು ತಾಣದಲ್ಲಿ ಪುಸ್ತಕ ಮುಚ್ಚಿದ ಮರುಗಳಿಗೆಯೇ ನಮ್ಮ ರಾಜ್ಯಪಕ್ಷಿ ನೀಲಕಂಠ ವಿದ್ಯುತ್ ತಂತಿಯ ಮೇಲೆ ಬಂದು ಕುಳಿತಿತು. ನನ್ನ ವಿದ್ಯಾರ್ಥಿ ನನ್ನ ಮುಖ ನೋಡಿದ. ಬರೆಯಲಿಲ್ಲ.

ಇಷ್ಟೆಲ್ಲ ಎಚ್ಚರದ ನಡುವೆಯೂ ಇನ್ನೊಂದು ತಪ್ಪು ನುಸುಳಿತ್ತು. ಮನೆಗೆ ಹತ್ತಿರವೆಂದು ನಾವು ಪ್ರತಿಸಲವೂ ವಿದ್ಯಾನಗರದ ತಾಣದಿಂದಲೇ ಹೊರಟು ಕೈಗಾರಿಕಾ ಪ್ರದೇಶದಲ್ಲಿ ಮುಗಿಸುತ್ತಿದ್ದೆವು. ವಿದ್ಯಾನಗರದಲ್ಲಿ ಹಕ್ಕಿ ಹೆಚ್ಚು, ಕೈಗಾರಿಕಾ ಪ್ರದೇಶದಲ್ಲಿ ಕಡಿಮೆ ಎಂಬ ಅಂಕಿ ನೋಡಿದಾಗ ನಾವು ನಿರೀಕ್ಷಿಸಿದ್ದೂ ಅದನ್ನೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ನನ್ನ ದ್ವಿಚಕ್ರ ವಾಹನ ಕೆಟ್ಟು, ಅನಿವಾರ್ಯವಾಗಿ ಆ ಕೊನೆಯಿಂದ ಹೊರಡಬೇಕಾಯಿತು. ಬೆಳಿಗ್ಗೆ ಆರೂವರೆಗೆ ಕೈಗಾರಿಕಾ ಪ್ರದೇಶದ ನೀಲಗಿರಿ ಸಾಲು ಮತ್ತು ಹುಲ್ಲುಗಾವಲಿನಲ್ಲಿ ಟಿಟ್ಟಿಭ, ಕಳ್ಳಿಪೀರ, ರಾಟವಾಳಗಳ ಹಿಂಡು, ಹರಟೆಮಲ್ಲಗಳು ಎಲ್ಲವೂ ಇದ್ದವು. ಒಂಬತ್ತು ಗಂಟೆಯ ಹೊತ್ತಿಗೆ ವಿದ್ಯಾನಗರವೇ ಸಪ್ಪಗಿತ್ತು. ನಾವು ಬಡಾವಣೆಗಳನ್ನು ಹೋಲಿಸುತ್ತಿದ್ದೇವೆಂದುಕೊಂಡು ಗಂಟೆಗಳನ್ನು ಹೋಲಿಸುತ್ತಿದ್ದೆವು. ಅಂದಿನಿಂದ ತಾಣಗಳ ಸರದಿಯನ್ನೂ ಚೀಟಿ ಎತ್ತಿಯೇ ನಿರ್ಧರಿಸಿದೆವು.

ಒಂದೇ ತಾಣಕ್ಕೆ ಒಂದು ಋತುವಿನಲ್ಲಿ ಮೂರು ಸಲ ಹೋಗಬೇಕೆಂಬ ನಿಯಮ ಮೊದಲು ನನಗೆ ದಂಡವೆನಿಸಿತ್ತು. ಅದರ ಕಾರಣ ತಿಳಿದ ಮೇಲೆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಪ್ರಿಯವಾದ ಭಾಗ ಅದೇ ಆಯಿತು. ಒಂದು ಗಲ್ಲಿಯಲ್ಲಿ ಸಿಂಪಿಗ ಹಕ್ಕಿ ಕಾಣಲಿಲ್ಲವೆಂದರೆ ಎರಡು ಸಾಧ್ಯತೆಗಳಿವೆ: ಅದು ಅಲ್ಲಿಲ್ಲ, ಅಥವಾ ಇದ್ದೂ ನಮಗೆ ಸಿಗಲಿಲ್ಲ. ಒಂದೇ ಭೇಟಿಯಿಂದ ಇವೆರಡನ್ನು ಬೇರ್ಪಡಿಸಲಾಗದು. ಮೂರು ಭೇಟಿಗಳಲ್ಲಿ ಒಮ್ಮೆ ಮಾತ್ರ ಸಿಕ್ಕಿ ಎರಡು ಸಲ ತಪ್ಪಿಸಿಕೊಂಡ ತಾಣಗಳು ಹಲವಿದ್ದರೆ, ಆ ಹಕ್ಕಿ ಇದ್ದಾಗಲೂ ನಮ್ಮ ಕಣ್ಣು ಕಿವಿಗೆ ಎಷ್ಟು ಸಲ ದಕ್ಕುವುದಿಲ್ಲ ಎಂಬ ಅಂದಾಜು ಸಿಗುತ್ತದೆ. ಆ ಅಂದಾಜಿನ ಬಲದಿಂದಲೇ ಮೂರು ಸಲವೂ ಕಾಣದ ಕಡೆ ‘ಇಲ್ಲ’ ಎನ್ನುವ ಮಾತಿಗೆ ಎಷ್ಟು ನಂಬಿಕೆ ಕೊಡಬಹುದೆಂದು ಲೆಕ್ಕ ಹಾಕುತ್ತಾರೆ. ಇದೆ ಎನ್ನುವುದು ಸುಲಭ, ಒಂದು ಸಲ ನೋಡಿದರೆ ಸಾಕು. ಇಲ್ಲ ಎನ್ನಲು ಮೂರು ಬೆಳಗುಗಳು ಬೇಕು.

ಜನರ ವಿಷಯವನ್ನು ಹೇಳದೆ ಮುಂದುವರಿಯಲಾರೆ. ಕಾಡಿನಲ್ಲಿ ದುರ್ಬೀನು ಹಿಡಿದರೆ ಯಾರೂ ಕೇಳುವುದಿಲ್ಲ; ಬಡಾವಣೆಯಲ್ಲಿ ಹಿಡಿದರೆ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ತಾಣದ ಹತ್ತಿರದ ಮನೆಗಳಿಗೆ ಹಿಂದಿನ ಸಂಜೆಯೇ ಹೋಗಿ ತಿಳಿಸಿ ಬರುವ ರೂಢಿ ಮಾಡಿಕೊಂಡೆವು, ಮನೆಗಳ ಕಡೆಗೆ ದುರ್ಬೀನು ಎತ್ತದಿರುವ ನಿಯಮವನ್ನೂ ಹಾಕಿಕೊಂಡೆವು. ಪೆನ್ಷನ್ ಮೊಹಲ್ಲಾದಲ್ಲಿ ಹಿರಿಯರೊಬ್ಬರು ನಮ್ಮ ಕೈಯಲ್ಲಿದ್ದ ನಕ್ಷೆ ನೋಡಿ, ‘ರಸ್ತೆ ಅಗಲ ಮಾಡೋಕೆ ಅಳತೆ ತಗೋತಿದ್ದೀರೇನಪ್ಪಾ?’ ಎಂದು ಆತಂಕದಿಂದ ಕೇಳಿದರು. ವಿಷಯ ತಿಳಿದ ಮೇಲೆ ತಮ್ಮ ಹಳೆಯ ಹೆಂಚಿನ ಮನೆಯ ಸೂರಿನ ಕೆಳಗೆ ಕಟ್ಟಿದ ಮಣ್ಣಿನ ಮಡಕೆಯನ್ನು ತೋರಿಸಿದರು. ಅದರಲ್ಲಿ ಗುಬ್ಬಿಯ ಸಂಸಾರವಿತ್ತು. ಆ ತಾಣದಲ್ಲಿ ಮೂರು ಭೇಟಿಗಳಲ್ಲೂ ಗುಬ್ಬಿ ದಾಖಲಾಯಿತು. ಎಪಿಎಂಸಿ ಪ್ರಾಂಗಣದಲ್ಲಿ ಹಮಾಲಿಯೊಬ್ಬರು ನಮಗಿಂತ ಮೊದಲೇ ‘ಇವತ್ತು ಕಾಡುಪಾರಿವಾಳ ಕಮ್ಮಿ ಬಂದವೆ ಸಾರ್’ ಎಂದು ವರದಿ ಒಪ್ಪಿಸುತ್ತಿದ್ದರು. ಅವರ ಎಣಿಕೆಯನ್ನು ನಮ್ಮ ಪಟ್ಟಿಗೆ ಸೇರಿಸುವಂತಿರಲಿಲ್ಲ, ಆದರೆ ಎಲ್ಲಿ ನಿಂತರೆ ಲಾರಿ ಅಡ್ಡ ಬರುವುದಿಲ್ಲ ಎಂದು ತೋರಿಸಿಕೊಟ್ಟವರು ಅವರೇ.

ಗುಬ್ಬಿಯ ಮಾತು ಬಂದಾಗಲೆಲ್ಲ, ಅವು ಕಡಿಮೆಯಾಗಲು ಮೊಬೈಲ್ ಗೋಪುರಗಳೇ ಕಾರಣವೆಂಬ ಮಾತೂ ಬರುತ್ತಿತ್ತು. ನಾನು ತಿಳಿದಷ್ಟನ್ನು ಹೇಳುತ್ತಿದ್ದೆ. 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂದಾಗ, ಗುಬ್ಬಿ ದೇಶದ ಒಟ್ಟಾರೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಇಳಿದಿದೆ ಎಂಬುದು ತಿಳಿದುಬಂತು. ಆ ಇಳಿತಕ್ಕೆ ಗೋಪುರಗಳೇ ಕಾರಣವೆನ್ನಲು ಪುರಾವೆ ಸಿಕ್ಕಿಲ್ಲ. ಗೂಡಿಗೆ ಸಂದು ಇಲ್ಲದ ಮನೆಗಳು, ಮರಿಗಳಿಗೆ ಉಣಿಸಲು ಹುಳು ಸಿಗದ ಅಂಗಳಗಳು ಹೆಚ್ಚು ಯೋಚಿಸಬೇಕಾದ ಕಾರಣಗಳು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಆ ವರದಿ ನಿಂತಿರುವುದು ಇ-ಬರ್ಡ್ ಎಂಬ ಜಾಲತಾಣಕ್ಕೆ ಸಾವಿರಾರು ಹವ್ಯಾಸಿಗಳು ಸೇರಿಸಿದ ಪಟ್ಟಿಗಳ ಮೇಲೆ. ಅಪರೂಪದ್ದನ್ನು ಮಾತ್ರ ಬರೆದು ಗುಬ್ಬಿ, ಕಾಗೆಗಳನ್ನು ‘ಇದೇನು ಬರೆಯುವುದು’ ಎಂದು ಎಲ್ಲರೂ ಬಿಟ್ಟಿದ್ದರೆ ಗುಬ್ಬಿಯ ಬಗ್ಗೆ ಆ ಎರಡು ವಾಕ್ಯಗಳನ್ನೂ ಯಾರೂ ಬರೆಯಲಾಗುತ್ತಿರಲಿಲ್ಲ. ಊರುಕಾಗೆಯನ್ನಂತೂ ನಮ್ಮ ವನ್ಯಜೀವಿ ಕಾಯ್ದೆಯೇ 2022ರ ತಿದ್ದುಪಡಿಯವರೆಗೆ ಇಲಿಗಳ ಜೊತೆಗೆ ಉಪದ್ರವಿ ಜೀವಿಗಳ ಪಟ್ಟಿಯಲ್ಲಿ ಇಟ್ಟಿತ್ತು. ದೆಹಲಿಯಲ್ಲಿ ಕರಿಹದ್ದುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಕಸದ ರಾಶಿ ಮತ್ತು ಜನ ಎರಚುವ ಮಾಂಸದ ತುಣುಕುಗಳನ್ನು ನಂಬಿ ಆ ಹಕ್ಕಿ ಎಷ್ಟು ದಟ್ಟವಾಗಿ ಗೂಡು ಕಟ್ಟಬಲ್ಲದೆಂದು ತೋರಿಸಿದ್ದಾರೆ. ನಮ್ಮ ಮಾರುಕಟ್ಟೆಯ ಮೇಲೆ ಸುತ್ತುವ ಎರಡು ಹದ್ದುಗಳನ್ನು ನಾನು ಈಗ ತಲೆಯೆತ್ತಿ ನೋಡುತ್ತೇನೆ, ಅವುಗಳ ಗೂಡು ಯಾವ ಮರದಲ್ಲಿದೆ ಎಂದು ಹುಡುಕುತ್ತೇನೆ.

ಕಷ್ಟ ಕೊಟ್ಟದ್ದು ಸದ್ದು. ಬಿ.ಎಂ. ರಸ್ತೆಯ ತಾಣದಲ್ಲಿ ಏಳೂವರೆಯ ನಂತರ ಬಸ್ಸು ಲಾರಿಗಳ ನಡುವೆ ಸೂರಕ್ಕಿಯ ದನಿಯಾಗಲಿ ಬದನಿಕೆ ಹಕ್ಕಿಯ ಟಿಕ್ ಟಿಕ್ ಆಗಲಿ ಕೇಳಿಸುವುದೇ ಇಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಸದ್ದು ಹೆಚ್ಚಿರುವ ಕಡೆಯ ಚೇಕಡಿ ಹಕ್ಕಿಗಳು ಹಾಡಿನ ಕೆಳದನಿಯನ್ನು ಬಿಟ್ಟು ಏರುದನಿಯಲ್ಲಿ ಹಾಡುತ್ತವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಹಕ್ಕಿ ಹೀಗೆ ಹೊಂದಿಕೊಳ್ಳುತ್ತದೆ, ಎಣಿಸುವವರ ಕಿವಿಗೆ ಅಂಥ ಉಪಾಯವಿಲ್ಲ. ಗದ್ದಲದ ತಾಣದಲ್ಲಿ ಸಂಖ್ಯೆ ಕಡಿಮೆ ಬಂದರೆ ಅದು ಹಕ್ಕಿಯ ಕೊರತೆಯೋ ಕಿವಿಯ ಕೊರತೆಯೋ? ಕೊನೆಗೆ ಮೂರು ಭೇಟಿಗಳಲ್ಲಿ ಒಂದನ್ನು ಭಾನುವಾರ ನಸುಕಿಗೆ ಇಟ್ಟುಕೊಂಡು, ಕಂಡದ್ದನ್ನೂ ಕೇಳಿದ್ದನ್ನೂ ಎರಡು ಅಂಕಣಗಳಲ್ಲಿ ಬರೆಯತೊಡಗಿದೆವು. ಕಂಡ ಹಕ್ಕಿಗಳನ್ನಷ್ಟೇ ಹೋಲಿಸಿದಾಗ ಬಿ.ಎಂ. ರಸ್ತೆ ನಾವು ತಿಳಿದಷ್ಟು ಬರಡಾಗಿರಲಿಲ್ಲ.

ಜುಲೈ, ಆಗಸ್ಟಿನ ಸುತ್ತು ಬಹುಪಾಲು ಜಿಟಿಜಿಟಿ ಮಳೆಯಲ್ಲೇ ಕಳೆಯಿತು. ಹನಿಯ ಸದ್ದು ಕಿವಿ ತುಂಬಿದರೆ ಎಣಿಕೆ ನಿಲ್ಲಿಸಬೇಕು ಎಂಬ ನಿಯಮದಿಂದಾಗಿ ಹನ್ನೊಂದು ಬೆಳಗುಗಳು ವ್ಯರ್ಥವಾದವು. ಆ ಸುತ್ತಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಒಂದನ್ನು ಬಿಟ್ಟು. ಜೂನ್ ಕೊನೆಯಲ್ಲಿ ಅಭ್ಯಾಸಕ್ಕೆಂದು ಎಣಿಸಿದ ಒಂದು ಪಟ್ಟಿಯಲ್ಲಿ ನಾನು ಹಸಿರು ಉಲಿಯಕ್ಕಿಯನ್ನು ದನಿಯ ಆಧಾರದಲ್ಲಿ ಬರೆದು ಇ-ಬರ್ಡ್‌ಗೆ ಸೇರಿಸಿದ್ದೆ. ಪಟ್ಟಿ ಪರಿಶೀಲಿಸುವ ಸ್ವಯಂಸೇವಕರಿಂದ ವಿನಯದ ಒಂದು ಪ್ರಶ್ನೆ ಬಂತು: ಚಳಿಗಾಲಕ್ಕೆ ಬಂದು ಬೇಸಿಗೆಯ ಹೊತ್ತಿಗೆ ಉತ್ತರಕ್ಕೆ ಮರಳುವ ಈ ಹಕ್ಕಿ ಜೂನ್‌ನಲ್ಲಿ ಹೇಗೆ, ಧ್ವನಿಮುದ್ರಣವಿದೆಯೇ? ಫೋನಿನಲ್ಲಿ ಮುದ್ರಿಸಿಕೊಂಡಿದ್ದನ್ನು ಮತ್ತೆ ಮತ್ತೆ ಕೇಳಿದೆ. ಅದು ಸಿಂಪಿಗ. ಇಪ್ಪತ್ತು ವರ್ಷ ನೋಡಿದ ಹಕ್ಕಿಯನ್ನೇ ನಾನು ತಪ್ಪಾಗಿ ಬರೆದಿದ್ದೆ. ಪಟ್ಟಿ ತಿದ್ದಿ, ಅವರಿಗೆ ಕೃತಜ್ಞತೆ ತಿಳಿಸಿದೆ. ಆ ಪ್ರಶ್ನೆ ಕೇಳುವ ಜನ ಇರುವುದರಿಂದಲೇ ಇಂಥ ಕಣಜದಿಂದ ಕಾಳು ತೆಗೆಯಬಹುದು.

ಎರಡು ಋತುಗಳ ಅಂಕಿಗಳನ್ನು ಹಾಕಿ ನೋಡಿದಾಗ ನನ್ನ ಮೂಲ ಊಹೆ ನಿಲ್ಲಲಿಲ್ಲ. ಸಕಲೇಶಪುರದ ಕಡೆಯ ಚೌಕಗಳಲ್ಲಿ ಕೆಮ್ಮೀಸೆ ಪಿಕಳಾರ, ಅರಸೀಕೆರೆಯ ಕಡೆಗೆ ಕೆಂಪು ಕಿಬ್ಬೊಟ್ಟೆಯದು ಎಂದು ಊರು ಎರಡಾಗಿ ಸೀಳಿರಲಿಲ್ಲ. ಸೀಬೆ, ನಿಂಬೆ, ದಾಸವಾಳದ ಹಿತ್ತಿಲು ಉಳಿದಿರುವ ಹಳೆಯ ಮನೆಗಳ ಬೀದಿಗಳಲ್ಲಿ, ಊರಿನ ಯಾವ ದಿಕ್ಕೇ ಇರಲಿ, ಕೆಮ್ಮೀಸೆಯ ಹಕ್ಕಿ ಹೆಚ್ಚು ಸಲ ಸಿಕ್ಕಿತು. ಎಕ್ಕ ಬೆಳೆದ ಖಾಲಿ ಸೈಟುಗಳ ಹೊಸ ಬಡಾವಣೆಗಳಲ್ಲಿ ಇನ್ನೊಂದು. ಎರಡೇ ಋತುಗಳ ಲೆಕ್ಕ ಇದು, ಇದನ್ನು ತೀರ್ಮಾನವೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಪಾರ್ಕು ಮತ್ತು ಕೆರೆಗಳನ್ನಷ್ಟೇ ಎಣಿಸಿದ್ದ ಆ ಮೊದಲ ಆರು ವಾರಗಳ ಪಟ್ಟಿಯಲ್ಲಿ ಈ ಸುಳಿವು ಸಿಗುವ ದಾರಿಯೇ ಇರಲಿಲ್ಲ. ಹಿತ್ತಿಲು ಮುಚ್ಚಿ ಸಿಮೆಂಟು ಹಾಕುವ ಕೆಲಸ ವಿದ್ಯಾನಗರದಲ್ಲಿ ಈಗ ಪ್ರತಿ ಬೀದಿಯಲ್ಲೂ ನಡೆಯುತ್ತಿದೆ. ಅದಕ್ಕೇ ಮುಂದಿನ ಮೂರು ವರ್ಷ ಇದೇ 48 ತಾಣಗಳಲ್ಲಿ ನಿಲ್ಲಬೇಕೆಂದು ನಿರ್ಧರಿಸಿದ್ದೇವೆ.

ಫೆಬ್ರುವರಿಯಲ್ಲಿ ಕಟ್ಟಿನಕೆರೆಗೆ ಮೂರನೆಯ ಭೇಟಿ. ಹೆಸರಿನಲ್ಲಿ ಮಾತ್ರ ಕೆರೆ ಉಳಿದಿರುವ ಆ ಜಾಗದಲ್ಲಿ ಹಿಂದೆ ಏನಿತ್ತೆಂದು ಹೇಳುವ ಒಂದು ಹಕ್ಕಿಪಟ್ಟಿಯೂ ನನಗೆ ಸಿಕ್ಕಿಲ್ಲ. ಅಂದು ಊರುಕಾಗೆ 7, ಪಾರಿವಾಳ 12, ಗೊರವಂಕ 3, ಕರಿಹದ್ದು 1. ಗುಬ್ಬಿಯ ಸಾಲಿನಲ್ಲಿ ನನ್ನ ವಿದ್ಯಾರ್ಥಿ, ನಾನು ಹೇಳುವ ಮೊದಲೇ, ಸೊನ್ನೆ ಬರೆದ. ಪಟ್ಟಿಯನ್ನು ಫೋನಿನಲ್ಲಿ ಸೇರಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ದಾಖಲಿಸಿದ್ದೀರಾ ಎಂಬ ಪ್ರಶ್ನೆ ಎಂದಿನಂತೆ ಬಂತು. ಹೌದು ಎಂದು ಒತ್ತಿ, ಪೆನ್ಷನ್ ಮೊಹಲ್ಲಾದ ಕಡೆಗೆ ಹೊರಟೆವು.